ಗಾಳಿ ಸೋಕದ ಕೋಣೆ

ಮಾರ್ಚ್ 3

ಅಮ್ಮಾ,

ಕಮಾನು ನಿನಗೇ ಸಿಕ್ಕಿತು, ನಿನಗೇ, ನಿನಗೇ! ಇದನ್ನು ಮೊದಲು ಬರೆದುಬಿಡುತ್ತೇನೆ, ಕ್ಷೇಮಸಮಾಚಾರ ಎಲ್ಲ ಆಮೇಲೆ. ಇಲ್ಲಿಯ ಹಳೇ ನಾಟಕಮಂದಿರ ಇದೆಯಲ್ಲ, ನಿನ್ನ ಅಳಿಯ ದೀಪದ ಕೆಲಸ ಮಾಡುವುದು, ಅದರ ರಂಗದ ಮೇಲಿನ ದೊಡ್ಡ ಕಮಾನಿಗೆ ಹೊಸದಾಗಿ ಚಿನ್ನದ ರೇಕು ಹಚ್ಚಿಸುತ್ತಾರೆ. ಕಮಿಟಿಯ ಅಧ್ಯಕ್ಷರು "ಈ ಕೆಲಸ ಗೊತ್ತಿರೋರು ಈಗ ಯಾರಿದ್ದಾರಪ್ಪ?" ಅಂತ ನಿಟ್ಟುಸಿರು ಬಿಟ್ಟರಂತೆ. ನಮ್ಮ ಜಿರಾಫೆ ಏಣಿಯ ಮೇಲಿನಿಂದಲೇ "ನಮ್ಮತ್ತೆ ಇದ್ದಾರೆ ಸಾರ್" ಅಂದನಂತೆ. (ಜಿರಾಫೆ ಅಂದರೆ ನನ್ನ ಗಂಡ. ಮದುವೆಯ ದಿನ ಎಲ್ಲ ಬಾಗಿಲಿಗೂ ತಲೆ ತಾಗಿಸಿಕೊಂಡನಲ್ಲ, ಅವತ್ತೇ ನಾಮಕರಣ ಮಾಡಿದ್ದೆ.)

ಅಷ್ಟಕ್ಕೇ ಸುಮ್ಮನಿರಲಿಲ್ಲ ನಾವು. ನೀನು ಚೌಕಟ್ಟಿಗೆ ರೇಕು ಹಚ್ಚಿ ಉಡುಗೊರೆಯಾಗಿ ಕೊಟ್ಟ ಕನ್ನಡಿಯನ್ನು ಗೋಡೆಯಿಂದ ಇಳಿಸಿ, ಕಂಬಳಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದೆವು. ಅಧ್ಯಕ್ಷರು ಚೌಕಟ್ಟನ್ನು ನೋಡಿ ನೋಡಿ ಕಡೆಗೆ, "ಇದು ಡಬ್ಬಿ ಬಣ್ಣ ಅಲ್ಲ, ನಿಜವಾದ ಚಿನ್ನ" ಅಂದರು. "ಅಲ್ಲವೇ ಅಲ್ಲ!" ಅಂದೆ ನಾನು, ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ. ನಿನ್ನ ಪರವಾಗಿ ಹ್ಞೂಂ ಅಂದುಬಿಟ್ಟಿದ್ದೇನೆ. ನೀನು ಒಪ್ಪದೇ ಇರಲು ಕಾರಣವೇ ಇಲ್ಲವಲ್ಲ!

ಅವರೆಲ್ಲ ಹೋದ ಮೇಲೆ ಖಾಲಿ ಕುರ್ಚಿಗಳ ನಡುವೆ ಕೂತು ಕಮಾನನ್ನು ನೋಡುತ್ತಾ ಉಳಿದೆ. ಕೆತ್ತಿದ ಬಳ್ಳಿ, ಎಲೆ, ಎರಡು ತುದಿಯಲ್ಲೂ ಗುಂಡು ಕೆನ್ನೆ ಊದಿಸಿಕೊಂಡು ಕಹಳೆ ಹಿಡಿದ ಮಕ್ಕಳು. ಎಲ್ಲವೂ ಈಗ ಒಣಗಿದ ಮಣ್ಣಿನ ಬಣ್ಣ. ಜಿರಾಫೆ ಎಲ್ಲಿಂದಲೋ ಒಂದೇ ಒಂದು ದೀಪ ಹಾಕಿದ. ಬೆಳಕಿನ ಕೋಲಿನೊಳಗೆ ಧೂಳು ನಿಧಾನವಾಗಿ ಮೇಲೇರುತ್ತಿತ್ತು. ಅದು ನಿನ್ನ ಕೋಣೆಯೇ ಅನ್ನಿಸಿತು. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಉಸಿರನ್ನೂ ಬಿಗಿಹಿಡಿದು ಕೂರುವ ನೀನು. ಶಾಲೆಯಿಂದ ಬಂದವಳೇ ನಾನು ಬಾಗಿಲು ದಡಾರನೆ ತಳ್ಳುತ್ತಿದ್ದೆ, ರೇಕುಗಳು ಎದ್ದು ಕೋಣೆಯ ತುಂಬ ತೇಲುತ್ತಿದ್ದವು, ನೀನು ಬೈಯಲೂ ಉಸಿರು ಬಿಡಲಾರದೆ ಕಣ್ಣಲ್ಲೇ ಕೊಲ್ಲುತ್ತಿದ್ದೆ! ರೇಕು ಎಷ್ಟು ತೆಳುವೆಂದು ಜಿರಾಫೆಗೆ ಹೇಳಿದರೆ ನಂಬುವುದಿಲ್ಲ. "ಬೆರಳಲ್ಲಿ ಮುಟ್ಟಿದ್ರೆ?" ಅಂತಾನೆ. ಮುಟ್ಟಿದರೆ ರೇಕೇ ಇರುವುದಿಲ್ಲ, ಬೆರಳು ಚಿನ್ನವಾಗಿರುತ್ತದೆ ಅಂದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಹಿಡಿದರೆ ನಿನ್ನದು ಮೂರೇ ಮಾತು: ಊಟ ಆಯ್ತಾ, ಅಳಿಯಂದ್ರು ಚೆನ್ನಾಗಿದ್ದಾರಾ, ಇಡ್ಲಾ. ಬರೆದರೆ ಒಂದು ಸಾಲಾದರೂ ಹೆಚ್ಚಿಗೆ ಸಿಗುತ್ತದೆ. ಬೇಗ ಬರಿ. ಖುಷಿಯಲ್ಲಿ ನನಗೆ ನಿದ್ದೆಯೇ ಬರುತ್ತಿಲ್ಲ!

ನಿನ್ನ
ಬಿರುಗಾಳಿ


ಮಾರ್ಚ್ 15

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂತು. ನನ್ನ ಮೇಲೆ ನಿನಗಿರುವ ಅಭಿಮಾನಕ್ಕೆ ಸಂತೋಷ. ಆದರೆ ಆ ಕೆಲಸ ನನ್ನಿಂದ ಆಗುವುದಿಲ್ಲ. ಕಣ್ಣು ಮೊದಲಿನಂತಿಲ್ಲ, ಎತ್ತರಕ್ಕೆ ಹತ್ತುವುದೂ ಕಷ್ಟ. ಅಧ್ಯಕ್ಷರಿಗೆ ನನ್ನ ನಮಸ್ಕಾರ ತಿಳಿಸಿ ಬೇರೆ ಯಾರನ್ನಾದರೂ ನೋಡಿಕೊಳ್ಳಲು ಹೇಳು. ಡಬ್ಬಿ ಬಣ್ಣವೂ ಈಗ ಚೆನ್ನಾಗಿ ಬರುತ್ತದೆ. ಇಲ್ಲಿಯ ಕೋಣೆಯನ್ನೂ ಖಾಲಿ ಮಾಡಿ ಬಿಟ್ಟುಕೊಡೋಣ ಎಂದಿದ್ದೇನೆ.

ಅಳಿಯಂದಿರ ಶೀತ ವಾಸಿಯಾಯಿತೆ? ದೊಡ್ಡಮ್ಮ ಕೇಳಿದಳೆಂದು ಹೇಳು.

ಇಂತು,
ನಿನ್ನ ಅಮ್ಮ


ಮಾರ್ಚ್ 21

ಅಮ್ಮಾ,

ಡಬ್ಬಿ ಬಣ್ಣ ಚೆನ್ನಾಗಿ ಬರುತ್ತದೆಯೆ? ಈ ಮಾತು ಬರೆದದ್ದು ನೀನೇನಾ? ಅಥವಾ ದೊಡ್ಡಮ್ಮ ನಿನ್ನ ಅಕ್ಷರ ನಕಲು ಮಾಡಿದಳಾ? ತಾತ ಡಬ್ಬಿ ಬಣ್ಣ ಬಳಿದ ಅಂಗಡಿಗೆ ಕಾಲಿಡುತ್ತಿರಲಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದವಳು ನೀನು. ಅಪ್ಪ ಹೋದ ಮೇಲೂ ಆ ಕೋಣೆಯ ಬಾಗಿಲು ತೆಗೆದವಳು, ಅಳುತ್ತಲೇ ತೆಗೆದವಳು. ಈಗ ಅದನ್ನು ಬಿಟ್ಟುಕೊಡುತ್ತೀಯಾ, ಅದೂ ಅಳಿಯನ ಶೀತದ ಪಕ್ಕದ ಸಾಲಿನಲ್ಲಿ?

ಕಣ್ಣಂತೆ! ಮದುವೆಯ ಬೆಳಿಗ್ಗೆ ನನ್ನ ರವಿಕೆಯ ಗುಂಡಿ ಕಿತ್ತಾಗ ಎಲ್ಲರೂ ಕನ್ನಡಕ ಹುಡುಕುತ್ತಿದ್ದರೆ ನೀನು ಕಿಟಕಿಯ ಬೆಳಕಿಗೆ ಹಿಡಿದು ಒಂದೇ ಸಲಕ್ಕೆ ಸೂಜಿ ಪೋಣಿಸಿದೆ.

ಮದುವೆಯ ಮಾತು ಬಂತಲ್ಲ, ಕೇಳಿಬಿಡುತ್ತೇನೆ. ಕೇಳಬಾರದು ಅಂದುಕೊಂಡಿದ್ದೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ನಾವು ಸಹಿ ಹಾಕಲು ಬಗ್ಗಿದಾಗ ನೀನು ನನ್ನ ಹಿಂದೆಯೇ ಇದ್ದೆ, ನಿನ್ನ ಸೀರೆ ನನ್ನ ಕೈಗೆ ತಾಗುತ್ತಿತ್ತು. ತಲೆಯೆತ್ತಿ ನೋಡಿದರೆ ನೀನಿಲ್ಲ. ಫೋಟೋದಲ್ಲಿ ದೊಡ್ಡಮ್ಮ ಇದ್ದಾಳೆ, ಜಿರಾಫೆಯ ಸೋದರಮಾವ ಇದ್ದಾರೆ, ಯಾರೆಂದೇ ಗೊತ್ತಿಲ್ಲದ ಒಬ್ಬ ಗುಮಾಸ್ತನೂ ಹಲ್ಲು ಕಿರಿದು ನಿಂತಿದ್ದಾನೆ. ನೀನಿಲ್ಲ. ಆಮೇಲೆ ಬಂದು ನಗುತ್ತಾ "ಆಯ್ತಾ?" ಅಂದೆ.

ನಿನಗೆ ಅವನು ಇಷ್ಟವಿಲ್ಲವಾ ಅಮ್ಮಾ? ಅದಕ್ಕೇ ಎದ್ದುಹೋದೆಯಾ? ಅದಕ್ಕೇ ಅವನು ಹಿಡಿದು ತಂದ ಕೆಲಸವೂ ಬೇಡವಾ? ಇಲ್ಲ ಅಂತ ಬರೆದರೆ ನಂಬುತ್ತೇನೆ. ಹೌದು ಅಂತ ಬರೆದರೂ ಅವನನ್ನಂತೂ ಬಿಡುವುದಿಲ್ಲ. ಸುಮ್ಮನಿರಬೇಡ, ಅಷ್ಟೇ.

ನಿನ್ನ ಮಗಳು


ಏಪ್ರಿಲ್ 19

ಮಗಳೇ,

ತಡವಾಯಿತು. ಬರೆದು ಬರೆದು ಹರಿದೆ.

ಅಳಿಯಂದಿರು ಬಂಗಾರದಂಥ ಹುಡುಗ. ಆ ಯೋಚನೆ ಇವತ್ತೇ ಬಿಡು.

ನೀನು ಸಹಿ ಹಾಕಲು ಬಗ್ಗಿದ ಹೊತ್ತಿಗೆ ನನಗೆ ಅದು ಬಂತು. ಎದೆಯಿಂದ ಶುರುವಾಗಿ ಕುತ್ತಿಗೆ, ಮುಖ, ಕಿವಿಯ ತುದಿಯವರೆಗೆ ಬಿಸಿ ಏರುತ್ತದೆ. ಮೈಯೊಳಗೆ ಯಾರೋ ಒಲೆಯ ಬಾಗಿಲು ತೆರೆದಂತೆ. ಆಮೇಲೆ ಬೆವರು ಧಾರಾಕಾರ. ಆಮೇಲೆ ಚಳಿ. ಎಲ್ಲರ ಎದುರಿಗೆ ಕೆಂಪಾಗಿ, ತೊಯ್ದು ನಿಲ್ಲಲು ನಾಚಿಕೆಯಾಯಿತು. ಹೊರಗಿನ ಮೊಗಸಾಲೆಯಲ್ಲಿ ಕಲ್ಲುಕಂಬಕ್ಕೆ ಕೆನ್ನೆ ಒತ್ತಿಕೊಂಡು ನಿಂತಿದ್ದೆ. ನಿಮ್ಮೆಲ್ಲರ ನಗು ಕೇಳಿಸಿತು. ಮುಗಿಯಿತೆಂದು ತಿಳಿಯಿತು.

ಮುಟ್ಟು ನಿಂತಾಗಿನಿಂದ ಹೀಗೆ. ರಾತ್ರಿ ಇನ್ನೂ ಹೆಚ್ಚು. ಹಾಸಿಗೆ ಒದ್ದೆ, ಎದ್ದು ಸೀರೆ ಬದಲಿಸಿದರೆ ಮತ್ತೆ ನಿದ್ದೆಯಿಲ್ಲ. ದೊಡ್ಡಮ್ಮನಿಗೆ ಹೇಳಿದೆ. "ಹೆಂಗಸಾಗಿ ಹುಟ್ಟಿದ್ಮೇಲೆ ಇದೆಲ್ಲಾ ಇದ್ದಿದ್ದೇ ಕಣೇ. ನಾನೇನು ಸತ್ತು ಹೋದ್ನಾ?" ಅಂದಳು. ಅವಳದು ಬಟ್ಟೆ ಅಂಗಡಿ, ಬಾಗಿಲು ಹಾರುಹೊಡೆದಿರುತ್ತದೆ, ತಲೆಯ ಮೇಲೆ ಫ್ಯಾನ್. ನನ್ನ ಕೋಣೆ ನಿನಗೆ ಗೊತ್ತಲ್ಲ. ಕಿಟಕಿ ತೆರೆದರೆ ರೇಕು ಹಾರುತ್ತದೆ, ಮುಚ್ಚಿದರೆ ನಾನು ಬೇಯುತ್ತೇನೆ. ಕಳೆದ ಸಲ ಒಂದು ಚೌಕಟ್ಟು ಮುಗಿಯುವ ಹೊತ್ತಿಗೆ ಗಲ್ಲದಿಂದ ಬೆವರ ಹನಿ ಬಿತ್ತು. ಚಿನ್ನ ಅಲ್ಲೇ ಸುಕ್ಕಾಗಿ ತೂತುಬಿತ್ತು. ಮತ್ತೆ ಕೆರೆದೆ, ಮತ್ತೆ ಹಚ್ಚಿದೆ, ಮತ್ತೆ ಬಿತ್ತು. ಅವತ್ತು ಕಿಟಕಿಗಳನ್ನೆಲ್ಲ ತೆರೆದುಬಿಟ್ಟೆ. ಇದ್ದ ರೇಕೆಲ್ಲ ಎದ್ದು ಕೋಣೆಯ ತುಂಬ ಸುಳಿದಾಡಿ ನನ್ನ ತಲೆಯ ಮೇಲೆ, ತೋಳ ಮೇಲೆ ಕೂತಿತು. ಎಷ್ಟು ಚೆನ್ನಾಗಿತ್ತು ಗೊತ್ತಾ. ನಾನು ನೆಲದ ಮೇಲೆ ಕೂತು ನೋಡುತ್ತಲೇ ಇದ್ದೆ.

ಅಷ್ಟು ಎತ್ತರದಲ್ಲಿ, ಅಷ್ಟು ಜನ ನೋಡುವ ಕಮಾನಿನ ಮೇಲೆ ಹೀಗಾದರೆ? ಅದಕ್ಕೆ ಬೇಡವೆಂದೆ. ಯಾರಿಗೂ ಹೇಳಬೇಡ.

ಅಮ್ಮ


ಏಪ್ರಿಲ್ 23

ಅಮ್ಮಾ, ಅಮ್ಮಾ, ಅಮ್ಮಾ,

ಮೊದಲು ಅತ್ತುಬಿಟ್ಟೆ. ಆಮೇಲೆ ನಿನ್ನ ಮೇಲೆ ಕೋಪ ಬಂತು. ಆಮೇಲೆ ಜಿರಾಫೆಯ ಅಂಗಿಗೆ ಮೂಗು ಒರೆಸಿಕೊಂಡೆ. ಕಂಬಕ್ಕೆ ಕೆನ್ನೆ ಒತ್ತಿಕೊಂಡು ನಿಂತಿದ್ದೆಯಾ, ನಾನು ಒಳಗೆ ಹಲ್ಲು ಬಿಡುತ್ತಾ ಫೋಟೋಗೆ ನಿಂತಿದ್ದಾಗ?

ಯಾರಿಗೂ ಹೇಳಬೇಡ ಅಂದೆ. ಹೇಳಿದೆ. ಒಬ್ಬರಿಗೇ. ನಾನು ಪಾಠ ಮಾಡುವ ಶಿಶುವಿಹಾರದ ಹೆಡ್ ಮೇಡಂ, ನಿನ್ನದೇ ವಯಸ್ಸು. ಅವರ ಮೇಜಿನ ಮೇಲೆ ಅಂಗೈಯಷ್ಟು ಫ್ಯಾನ್ ಇದೆ, ನಾವು ಟೀಚರುಗಳೆಲ್ಲ ಹಿಂದಿನಿಂದ ನಗುತ್ತಿದ್ದೆವು. ನಾನು ಹೋಗಿ ತಡವರಿಸುತ್ತಾ ಹೇಳಿದೆ. ಅವರು ಬಾಗಿಲು ಮುಚ್ಚಿ ನನ್ನನ್ನು ಕೂರಿಸಿಕೊಂಡರು.

"ನಾನೂ ನನ್ನ ತಲೆ ಕೆಟ್ಟಿದೆ ಅಂತಲೇ ತಿಳ್ಕೊಂಡಿದ್ದೆ ಕಣಮ್ಮಾ," ಅಂದರು. "ಮಕ್ಕಳ ಮುಂದೆ ಅ ಆ ಇ ಈ ಮರ್ತೋಗಿ ನಿಂತ್ಬಿಟ್ಟಿದ್ದೆ. ಮುಟ್ಟು ನಿಂತ ಮೇಲೆ ಮೈಯಲ್ಲಿ ಒಂದು ಹಾರ್ಮೋನ್ ಕಮ್ಮಿ ಆಗುತ್ತಂತೆ, ಮೆದುಳಿಗೆ ಬಿಸಿ ಯಾವ್ದು ತಂಪು ಯಾವ್ದು ಅನ್ನೋ ಲೆಕ್ಕ ತಪ್ಪುತ್ತಂತೆ. ಕಮ್ಮಿ ಆಗಿದ್ದನ್ನ ಸ್ವಲ್ಪ ಸ್ವಲ್ಪ ವಾಪಸ್ ಕೊಡ್ತಾರೆ. ಎಲ್ರಿಗೂ ಆಗಿಬರಲ್ಲ, ಅದಕ್ಕೇ ಡಾಕ್ಟರೇ ಹೇಳಬೇಕು. ನಿಮ್ಮಮ್ಮನ್ನ ಹೋಗಕ್ಕೆ ಹೇಳು. ನಾಚಿಕೆ ಗೀಚಿಕೆ ಎಲ್ಲಾ ಮನೇಲಿಟ್ಟು ಹೋಗಕ್ಕೆ ಹೇಳು."

ಹೋಗುತ್ತೀಯಾ? ಅಧ್ಯಕ್ಷರಿಗೆ ನಾನು ಇನ್ನೂ ಇಲ್ಲ ಅಂದಿಲ್ಲ. "ಅಮ್ಮ ಯೋಚನೆ ಮಾಡ್ತಿದ್ದಾರೆ" ಅಂದಿದ್ದೇನೆ. ಜುಲೈ ಮುಗಿಯುವವರೆಗೆ ಕಾಯುತ್ತಾರಂತೆ, ಆಮೇಲೆ ಡಬ್ಬಿ ಬಣ್ಣ. ಆ ಮಕ್ಕಳ ಕೆನ್ನೆಗೆ ಡಬ್ಬಿ ಬಣ್ಣ, ಅಮ್ಮಾ! ಆದರೆ ಕಮಾನು ಹಾಳಾಗಿ ಹೋಗಲಿ. ನಿನಗೆ ನಿದ್ದೆ ಬರಬೇಕು. ನೆಲದ ಮೇಲೆ ಒಬ್ಬಳೇ ಕೂತ ನಿನ್ನ ಮೇಲೆ ಚಿನ್ನ ಬೀಳುವುದು ಮತ್ತೆ ಮತ್ತೆ ಕನಸಿನಂತೆ ಕಣ್ಣಿಗೆ ಕಟ್ಟುತ್ತದೆ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ. ಚೆನ್ನಾಗಿತ್ತು ಅಂದೆಯಲ್ಲ, ಅದೇ ನನಗೆ ಭಯ.

ನಿನ್ನ ಬಿರುಗಾಳಿ


ಮೇ 12

ಮಗಳೇ,

ಹೋಗಿದ್ದೆ. ದೊಡ್ಡಮ್ಮ ತಾನೂ ಬರುತ್ತೇನೆಂದು ಗಂಟುಬಿದ್ದಳು. ನಿನ್ನಷ್ಟೇ ವಯಸ್ಸಿನ ಡಾಕ್ಟರಮ್ಮ. ಬಾಯಿ ತೆರೆದರೆ ಮಂಡಿನೋವು ಅಂದುಬಿಟ್ಟೆ. ಅವಳು ಮಂಡಿ ಒತ್ತಿ ನೋಡುತ್ತಿರುವಾಗಲೇ ಅದು ಬಂತು, ನನ್ನ ಮುಖ ನೋಡಿ "ಇದು ಎಷ್ಟು ದಿನದಿಂದಮ್ಮಾ?" ಎಂದಳು.

ಬಹಳ ಕೇಳಿದಳು. ಕಾಲಿನಲ್ಲಿ, ಶ್ವಾಸಕೋಶದಲ್ಲಿ ಯಾವತ್ತಾದರೂ ರಕ್ತ ಹೆಪ್ಪುಗಟ್ಟಿತ್ತೇ, ಮನೆಯಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಇತ್ತೇ, ಹೃದಯ, ಲಿವರ್, ಗರ್ಭಕೋಶ ತೆಗೆಸಿದ್ದಾರೆಯೇ. ಬಿ.ಪಿ. ನೋಡಿದಳು, ಸ್ತನದ ಎಕ್ಸ್-ರೇ ಮಾಡಿಸಿದಳು. ಎಲ್ಲ ಸರಿಯಿದ್ದ ಮೇಲೇ ಬರೆದುಕೊಟ್ಟಳು: ತೋಳಿಗೆ ಹಚ್ಚುವ ಜೆಲ್, ರಾತ್ರಿಗೆ ಒಂದು ಕ್ಯಾಪ್ಸೂಲ್. ಜೆಲ್ ಒಂದೇ ಸಾಲದೇ ಎಂದೆ. "ಗರ್ಭಕೋಶ ಇದೆಯಲ್ಲಮ್ಮಾ. ಜೆಲ್ ಒಂದೇ ಆದ್ರೆ ಅದರ ಒಳಪದರ ದಪ್ಪ ಆಗ್ತಾ ಹೋಗುತ್ತೆ, ಅದು ಒಳ್ಳೇದಲ್ಲ. ಕ್ಯಾಪ್ಸೂಲ್ ಅದನ್ನ ಕಾಯುತ್ತೆ. ಬಿಡಬೇಡಿ," ಎಂದಳು.

ದೊಡ್ಡಮ್ಮ ನಡುವೆ ಬಾಯಿ ಹಾಕಿದಳು. "ಇದರಿಂದ ಕ್ಯಾನ್ಸರ್ ಬರುತ್ತಂತಲ್ಲಮ್ಮ?"

"ವರ್ಷಗಟ್ಟಲೆ ತಗೊಂಡ್ರೆ ಸ್ತನದ ಕ್ಯಾನ್ಸರಿನ ಅಪಾಯ ಸ್ವಲ್ಪ ಜಾಸ್ತಿ ಆಗುತ್ತೆ, ಮುಚ್ಚಿಡಲ್ಲ ನಾನು. ಅದಕ್ಕೇ ಆಗಾಗ ಬಂದು ತೋರಿಸಿ, ಬೇಕಾ ಬೇಡ್ವಾ ಅಂತ ಪ್ರತಿ ಸಲ ಮಾತಾಡೋಣ. ನಿದ್ದೆ ಇಲ್ದೆ, ಕೆಲಸ ಬಿಟ್ಟು ಕೂರೋದೂ ಒಂದು ಅಪಾಯವೇ ಅಲ್ವಾ?"

ವಾಪಸು ಬರುವ ದಾರಿಯಲ್ಲಿ ದೊಡ್ಡಮ್ಮ, "ನಮ್ಮ ಕಾಲದಲ್ಲಿ ಯಾರೂ ಮಂಡೀನೂ ಒತ್ತಿ ನೋಡಲಿಲ್ಲ ಕಣೇ," ಎಂದಳು.

ಕೂಡಲೇ ಗುಣ ಕಾಣದು, ಕೆಲವು ವಾರ ಬೇಕಂತೆ. ನೋಡೋಣ.

ಅಮ್ಮ


ಜೂನ್ 20

ಮಗಳೇ,

ನಿದ್ದೆ ಬಂತು. ಬಿಸಿ ಏರುವುದು ಪೂರ್ತಿ ಹೋಗಿಲ್ಲ, ಆದರೆ ಮೊದಲಿನ ಒಲೆ ಈಗ ಕೆಂಡವಷ್ಟೇ. ಮೊನ್ನೆ ಕನಸೂ ಬಿತ್ತು. ಕನಸು ಬಿದ್ದು ಎಷ್ಟು ಕಾಲವಾಗಿತ್ತು! ನೀರಿನ ಮೇಲೆ ನಡೆಯುತ್ತಿದ್ದೆ, ನೀರು ರೇಕಿನ ಹಾಗೆ ನಡುಗುತ್ತಿತ್ತು, ನಾನು ಮುಳುಗಲಿಲ್ಲ.

ಆದರೆ ಮಗಳೇ, ಕೈ ಹೋಯಿತು. ಮೈ ತಣ್ಣಗಿದೆಯೆಂದು ಧೈರ್ಯ ಮಾಡಿ ಕೆಲಸಕ್ಕೆ ಕೂತರೆ, ರೇಕು ಕುಂಚ ಬಿಟ್ಟು ಇಳಿಯುವುದೇ ಇಲ್ಲ. ಅಂಟಿಕೊಂಡು ಹರಿದುಹೋಗುತ್ತದೆ. ಕುಂಚ ತೊಳೆದೆ, ಹೊಸದು ತೆಗೆದೆ, ಅದೇ ಕಥೆ. ಇಷ್ಟು ವರ್ಷದಲ್ಲಿ ಹೀಗಾಗಿಲ್ಲ. ಈ ಔಷಧಿ ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಂಡಿತು, ನನ್ನ ಕೈಗುಣವನ್ನೇ. ನಿನ್ನೆಯಿಂದ ನಿಲ್ಲಿಸಿಬಿಟ್ಟಿದ್ದೇನೆ, ಕುಂಚವನ್ನೂ ಮುಟ್ಟಿಲ್ಲ. ನಿದ್ದೆ ಬೇಕೋ ಕೈ ಬೇಕೋ ಎಂದು ಕೇಳಿದರೆ ನಾನು ಏನು ಹೇಳಲಿ? ಇನ್ನು ಎರಡೂ ಇಲ್ಲ.

ಅಧ್ಯಕ್ಷರಿಗೆ ಇಲ್ಲವೆಂದು ಹೇಳಿಬಿಡು. ಅವರನ್ನು ಕಾಯಿಸಬೇಡ.

ಅಮ್ಮ


ಜೂನ್ 24

ಅಮ್ಮಾ,

ಜೆಲ್ ಎಲ್ಲಿ ಹಚ್ಚುತ್ತೀ? ಎಡತೋಳಿನ ಒಳಗಡೆಗಾ? ಉತ್ತರ ಬರೆಯುವ ಮೊದಲು ಇದನ್ನು ಓದು, ನಿಂತುಕೊಂಡಿದ್ದರೆ ಕೂತುಕೊಂಡು ಓದು!

ನಿನ್ನ ಕಾಗದ ಬಂದಾಗ ಜಿರಾಫೆ ದೀಪದ ಗಾಜು ಒರೆಸುತ್ತಾ ಕೂತಿದ್ದ. "ಕುಂಚಕ್ಕೆ ರೇಕು ಹೇಗೆ ಅಂಟುತ್ತೆ? ಅಂಟು ಹಚ್ತಾರಾ?" ಅಂದ. "ಇಲ್ಲಪ್ಪ, ಹೀಗೆ," ಅಂತ ಅವನ ಬ್ರಶ್ ಕಿತ್ತುಕೊಂಡು ನಿನ್ನ ಹಾಗೆ ಮಾಡಿ ತೋರಿಸಿದೆ. ತೋರಿಸುತ್ತಾ ತೋರಿಸುತ್ತಾ ಕೈ ಗಾಳಿಯಲ್ಲೇ ನಿಂತುಹೋಯಿತು. ನನ್ನ ಬ್ರಶ್ ತಾನೇ ತಾನಾಗಿ ನನ್ನ ಎಡತೋಳನ್ನು ಸವರಿತ್ತು.

ನೀನು ಮಾಡುವುದು ಹಾಗೇ ಅಮ್ಮಾ, ಪ್ರತಿಯೊಂದು ರೇಕಿಗೂ. ಚಿಕ್ಕಂದಿನಲ್ಲಿ ಮೇಜಿನ ಕೆಳಗೆ ಮಲಗಿ ಅದನ್ನೇ ನೋಡುತ್ತಿದ್ದೆ. ಕುಂಚವನ್ನು ತೋಳಿನ ಒಳಬದಿಗೆ ಒಮ್ಮೆ ಸವರುತ್ತೀ, ಬೆಕ್ಕಿನ ಬೆನ್ನು ನೇವರಿಸಿದಷ್ಟು ಮೆತ್ತಗೆ. ಚರ್ಮದ ಜಿಡ್ಡು ಒಂಚೂರು ಹತ್ತಿದರೇ ರೇಕು ಕುಂಚಕ್ಕೆ ಏಳುವುದು ಅಂತ ನೀನೇ ಹೇಳಿದ್ದೆ. ಕಣ್ಣು ಮಿಟುಕಿಸಿದ್ದು ಯಾರಿಗೆ ನೆನಪಿರುತ್ತದೆ, ಹಾಗೆ ನಿನಗೆ ಇದೂ ಮರೆತುಹೋಗಿದೆ. ಈಗ ಆ ತೋಳಿನಲ್ಲಿ ಜೆಲ್ ಇದೆ! ಕುಂಚಕ್ಕೆ ಚರ್ಮದ ಜಿಡ್ಡಿನ ಜೊತೆ ಔಷಧಿಯೂ ಹತ್ತುತ್ತಿದೆ, ರೇಕು ಬಿಡುತ್ತಿಲ್ಲ! ನಿನ್ನ ಕೈ ಎಲ್ಲಿಗೂ ಹೋಗಿಲ್ಲ ಅಮ್ಮಾ. ನಿನ್ನ ತೋಳಿನ ಮೇಲೆ ಆಣೆ!

ನಿನ್ನಷ್ಟಕ್ಕೆ ನೀನೇ ನಿಲ್ಲಿಸಬೇಡ, ನಿನ್ನಷ್ಟಕ್ಕೆ ನೀನೇ ಬೇರೆ ಕಡೆಗೂ ಹಚ್ಚಬೇಡ. ಡಾಕ್ಟರಮ್ಮನ ಹತ್ತಿರ ಹೋಗಿ ಕುಂಚ ತೋರಿಸಿ ಕೇಳು. ನಾಳೆಯೇ! ಅಧ್ಯಕ್ಷರಿಗೆ ನಾನು ಏನೂ ಹೇಳಿಲ್ಲ. ಅವರು ಎದುರಿಗೆ ಸಿಕ್ಕಿದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದೇನೆ.

ಉಸಿರು ಬಿಗಿಹಿಡಿದು ಕಾಯುವ,
ಬಿರುಗಾಳಿ


ಜುಲೈ 18

ಪ್ರೀತಿಯ ಮಗಳೇ,

ಕುಂಚ ತೆಗೆದುಕೊಂಡೇ ಹೋದೆ. ಡಾಕ್ಟರಮ್ಮನ ಮುಂದೆ ತೋಳಿಗೆ ಸವರಿ ತೋರಿಸಿದೆ. ಅವಳು ಕುರ್ಚಿಗೆ ಒರಗಿ ನಕ್ಕಳು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. "ಯಾವ ಪುಸ್ತಕದಲ್ಲೂ ಇದನ್ನ ಬರೆದಿಲ್ಲಮ್ಮಾ" ಎಂದಳು. ಈ ಜೆಲ್ಲನ್ನು ತೊಡೆಯ ಒಳಬದಿಗೂ ಹಚ್ಚಬಹುದಂತೆ, ಕೆಲಸ ಒಂದೇ. ಕೈ ಚೆನ್ನಾಗಿ ತೊಳೆದುಕೊಳ್ಳಿ ಎಂದಳು. ಮತ್ತೆ ಶುರು ಮಾಡಿದೆ.

ನಾಲ್ಕಾರು ದಿನ ಕುಂಚ ಮುಟ್ಟಲು ಧೈರ್ಯ ಬರಲಿಲ್ಲ. ಮೊನ್ನೆ ಕೂತೆ. ತೋಳಿಗೆ ಸವರಿದೆ, ಈ ಸಲ ಗೊತ್ತಿದ್ದೇ ಸವರಿದೆ. ರೇಕು ಎದ್ದು ಬಂತು. ಬಿಟ್ಟೆ, ಇಳಿಯಿತು. ನಿದ್ದೆಹೋದ ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ. ದೊಡ್ಡಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಆ ಡಾಕ್ಟರಮ್ಮ ಯಾವ ದಿನ ಇರುತ್ತಾಳೆಂದು ಸಂಜೆ ಕೇಳಿದಳು. ಯಾಕೆಂದೆ. "ಮಂಡಿನೋವು" ಎಂದಳು.

ಅಧ್ಯಕ್ಷರಿಗೆ ನಾನೇ ಫೋನ್ ಮಾಡಿದೆ. ನೀನು ನಗಬೇಡ. ಮೂರು ಮಾತಿಗಿಂತ ಹೆಚ್ಚೇ ಆಡಿದೆ. "ಕೆಲಸ ಒಪ್ಪಿದ್ದೀನಿ. ಆದ್ರೆ ಒಂದು ವಿಷಯ ಮೊದಲೇ ಹೇಳ್ಬೇಕು. ನನಗೆ ಮುಟ್ಟು ನಿಂತ ವಯಸ್ಸು. ನಡುನಡುವೆ ಮೈ ಬಿಸಿ ಏರುತ್ತೆ. ಔಷಧಿ ತಗೋತಿದ್ದೀನಿ, ಈಗ ಅಪರೂಪ. ಬಂದಾಗ ಕೆಳಗಿಳಿದು ಹೊರಗೆ ನಿಂತು ಬರ್ತೀನಿ. ಅದಕ್ಕೆ ಯಾರೂ ಏನೂ ಅನ್ನಬಾರ್ದು," ಎಂದೆ. ಅವರು, "ನಮ್ಮನೆಯವಳು ಚಳಿಗಾಲದಲ್ಲೂ ಕಿಟಕಿ ತೆಗೀತಿದ್ಲು ತಾಯಿ. ನಾನು ಎದ್ದೆದ್ದು ಹಾಕ್ತಿದ್ದೆ. ಕಿಟಕಿಗಾಗಿ ವರ್ಷಗಟ್ಟಲೆ ಜಗಳ ಆಡಿದ್ವಿ," ಎಂದರು. "ಈಗ ತೆಗೆಯೋರಿಲ್ಲ." ಆಮೇಲೆ ಯಾವಾಗ ಬರುತ್ತೀರಿ ಎಂದು ಕೇಳಿದರು.

ಒಂದು ಕೆಲಸ ಉಳಿದಿದೆ. ಅಷ್ಟು ಎತ್ತರದಲ್ಲಿ ನನ್ನ ಪಕ್ಕ ಒಬ್ಬರು ಬೇಕು. ನಾನು ಇಳಿದುಹೋದಾಗ ರೇಕಿನ ಹಲಗೆಯನ್ನು ಅಲುಗದಂತೆ, ಉಸಿರು ತಾಗದಂತೆ ಹಿಡಿದು ಕೂರಬೇಕು. ಬೇರೆಯವರ ಎದುರು ನಾನು ಬೆವರಲಾರೆ. ನೀನಾದರೆ ಪರವಾಗಿಲ್ಲ. ಮೊದಲು ಇಲ್ಲಿ ಈ ಕೋಣೆಯಲ್ಲಿ ಕೂತು ಕಲಿಯಬೇಕು, ಆಮೇಲೆ ಇಬ್ಬರೂ ಜೊತೆಗೇ ಹೊರಡೋಣ. ಅಳಿಯಂದಿರಿಗೆ ತೊಂದರೆಯಾಗದಿದ್ದರೆ, ಶಾಲೆಗೆ ರಜ ಸಿಕ್ಕಿದರೆ, ಬಾ.

ನಿನ್ನ ಅಮ್ಮ


ಜುಲೈ 22

ಅಮ್ಮಾ,

ಬಾ ಅಂದೆ! ನನಗೆ ಜ್ವರ ಬಂದರೂ "ಬರಲಾ?" ಅಂತ ಕೇಳುವವಳೇ ಹೊರತು, ನಿನಗೆ ಏನಾದರೂ ಆದಾಗ ಬಾ ಅಂದವಳಲ್ಲ ನೀನು. ಆ ಒಂದು ಅಕ್ಷರವನ್ನು ಜಿರಾಫೆಗೆ ಓದಿ ಹೇಳಿದೆ, ಹೆಡ್ ಮೇಡಂಗೆ ಓದಿ ಹೇಳಿದೆ. ಅವರು ರಜೆಯ ಅರ್ಜಿಯನ್ನು ಓದದೆಯೇ ಸಹಿ ಹಾಕಿದರು.

ಜಿರಾಫೆ ಮಂದಿರದ ಫ್ಯಾನುಗಳಿಗೆಲ್ಲ ಬಟ್ಟೆ ಕಟ್ಟಿ, ಮೆಟ್ಟಿಲ ಹತ್ತಿರದ ಹೊರಬಾಗಿಲನ್ನು ನಿನಗೆಂದು ಬಿಟ್ಟಿದ್ದಾನೆ. ಅದರಾಚೆ ನೆರಳಿದೆ, ಒಂದು ಕಲ್ಲಿನ ಬೆಂಚಿದೆ, ಗಾಳಿ ಸದಾ ಬರುತ್ತದೆ. ನಿನ್ನೆ ಅಲ್ಲಿ ಕೂತಿದ್ದೆ. ಕಣ್ಣು ಮುಚ್ಚಿದರೆ ನೀನು ಮೆಟ್ಟಿಲಿಳಿದು ಬಂದು ನನ್ನ ಪಕ್ಕ ಕೂತಂತೆ, ನಿನ್ನ ಮುಖ ಕೆಂಪಾಗಿ ಮೆಲ್ಲಗೆ ತಣ್ಣಗಾದಂತೆ, ನಾನು ಏನೂ ಮಾತಾಡದೆ ಸುಮ್ಮನೆ ಇದ್ದಂತೆ. ನಾನು, ಸುಮ್ಮನೆ! ಕನಸೇ ಇರಬೇಕು. ಆದರೂ ನಿಜ ಮಾಡಿ ತೋರಿಸುತ್ತೇನೆ ನೋಡು.

ಹೇಳಿಕೊಡು ಅಮ್ಮಾ, ಎಲ್ಲವನ್ನೂ, ಮೊದಲಿನಿಂದ. ಬೈಯುವುದಿದ್ದರೆ ಬಾಯಿಬಿಟ್ಟು ಬೈ. ಬೆವರುವುದಿದ್ದರೆ ನನ್ನೆದುರಿಗೇ ಬೆವರು. ಟಿಕೆಟ್ ನನ್ನ ಕೈಯಲ್ಲಿದೆ: ಬುಧವಾರ ಹೊರಡುವುದು, ಗುರುವಾರ ಬೆಳಿಗ್ಗೆ ನಿಮ್ಮ ಸ್ಟೇಷನ್ನಿಗೆ ಬರುವ ಮೊದಲ ಪ್ಯಾಸೆಂಜರ್ ರೈಲಿನಲ್ಲಿ ಇಳಿಯುವುದು.

ನಿನ್ನ ಮಗಳು